ಸೋಫಿ ಜರ್ಮೇನ್ ಮಾಡಿದ ಗಣಿತವನ್ನು ನಾವೇ ಕೈಯಾರೆ ಮಾಡಿ ನೋಡುವುದು ಹೇಗೆ

ಸೋಫಿ ಜರ್ಮೇನ್ ಬಗ್ಗೆ ಹುಡುಕಿದರೆ ಎಲ್ಲ ಕಡೆ ಒಂದೇ ಕಥೆ ಸಿಗುತ್ತದೆ. ಪ್ಯಾರಿಸ್ಸಿನ ಹುಡುಗಿ, ಗಣಿತ ಓದಬೇಡ ಅಂತ ಅಪ್ಪ ಅಮ್ಮ ಮೇಣದಬತ್ತಿ ಕಿತ್ತುಕೊಂಡರು, ಹುಡುಗಿ ಕದ್ದು ಓದಿದಳು, ಗಂಡಸಿನ ಹೆಸರಲ್ಲಿ ಪತ್ರ ಬರೆದಳು, ಕೊನೆಗೆ ದೊಡ್ಡ ದೊಡ್ಡವರೆಲ್ಲ ಮೆಚ್ಚಿಕೊಂಡರು. ಕಥೆ ಚೆನ್ನಾಗಿದೆ. ಆದರೆ ಅಷ್ಟು ಓದಿದವರನ್ನು ಕರೆದು, ಸರಿ, ಆಕೆ ಮಾಡಿದ ಗಣಿತ ಯಾವುದು ಅಂತ ಕೇಳಿ ನೋಡಿ. ಹೆಚ್ಚಿನವರು ಸುಮ್ಮನಾಗುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಇಡೀ ಬದುಕನ್ನು ಲೆಕ್ಕದಲ್ಲಿ ಕಳೆದ ಒಬ್ಬರನ್ನು ಬರೀ ಕಷ್ಟಪಟ್ಟ ಹೆಣ್ಣುಮಗಳು ಅಂತ ಮಾತ್ರ ನೆನಪಿಟ್ಟುಕೊಂಡರೆ ಏನು ಬಂತು?

ಆಕೆಯ ಕೆಲಸವನ್ನು ಸ್ವಲ್ಪ ಮಟ್ಟಿಗಾದರೂ ನಾವೇ ಮಾಡಿ ನೋಡಬಹುದು, ಅದೇ ಒಳ್ಳೆಯ ಸುದ್ದಿ. ಒಂದು ಕೆಲಸಕ್ಕೆ ಲೋಹದ ತಗಡು, ಮರಳು, ಪಿಟೀಲಿನ ಕಮಾನು ಬೇಕು. ಇನ್ನೊಂದಕ್ಕೆ ಪೆನ್ನು ಮತ್ತು ಕಾಗದ ಸಾಕು. ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಬಂದರೆ ಆಯಿತು. ಮಕ್ಕಳ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಬದುಕು, ಬೇಕಾದಷ್ಟು ಮಾತ್ರ

ಹುಟ್ಟಿದ್ದು 1776ರ ಏಪ್ರಿಲ್ 1, ಪ್ಯಾರಿಸ್‌ನಲ್ಲಿ. ಅಪ್ಪ ರೇಷ್ಮೆ ವ್ಯಾಪಾರಿ, ಅನುಕೂಲಸ್ಥರು, 1789ರಲ್ಲಿ ಜನಪ್ರತಿನಿಧಿಯಾಗಿ ಆರಿಸಿ ಬಂದವರು. ಆಗ ಸೋಫಿಗೆ 13 ವರ್ಷ. ಹೊರಗೆ ಕ್ರಾಂತಿ, ಬೀದಿಗೆ ಕಾಲಿಡುವ ಹಾಗಿಲ್ಲ. ಅಪ್ಪನ ಪುಸ್ತಕದ ಕೋಣೆಯಲ್ಲಿ ಗಣಿತದ ಇತಿಹಾಸದ ಒಂದು ಪುಸ್ತಕ ಸಿಕ್ಕಿತು. ಲೆಕ್ಕದಲ್ಲಿ ಮುಳುಗಿದ್ದ ಆರ್ಕಿಮಿಡೀಸ್‌ನನ್ನು ರೋಮನ್ ಸೈನಿಕ ಕೊಂದ ಕಥೆ ಅದರಲ್ಲಿತ್ತು. ಪ್ರಾಣಕ್ಕಿಂತ ಹೆಚ್ಚಾಗಿ ಹಿಡಿದಿಡುವ ವಿಷಯ ಇದೆ ಅಂದರೆ ಅದೇನು ಅಂತ ನೋಡಲೇಬೇಕು ಅನ್ನಿಸಿ ಆಕೆ ಗಣಿತ ಶುರು ಮಾಡಿದರು.

1794ರಲ್ಲಿ ಪ್ಯಾರಿಸ್‌ನಲ್ಲಿ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ. ಆದರೆ ಪಾಠದ ಟಿಪ್ಪಣಿಗಳು ಹೊರಗೆ ಸಿಗುತ್ತಿದ್ದವು, ವಿದ್ಯಾರ್ಥಿಗಳು ಬರವಣಿಗೆಯಲ್ಲಿ ತಮ್ಮ ಉತ್ತರ ಕೊಡಬಹುದಿತ್ತು. ಸೋಫಿ ಲೆ ಬ್ಲಾಂ ಎಂಬ ವಿದ್ಯಾರ್ಥಿಯ ಹೆಸರಲ್ಲಿ, ಅಲ್ಲಿ ಪಾಠ ಹೇಳುತ್ತಿದ್ದ ದೊಡ್ಡ ಗಣಿತಜ್ಞ ಲಗ್ರಾಂಜ್ ಅವರಿಗೆ ಬರೆದು ಕಳಿಸಿದರು. ಇಷ್ಟು ಚೆನ್ನಾಗಿ ಬರೆಯುವವನು ಯಾರು ಅಂತ ಲಗ್ರಾಂಜ್ ಹುಡುಕಿದಾಗ ಗುಟ್ಟು ಹೊರಬಿತ್ತು. ಅವರು ಕೋಪಿಸಿಕೊಳ್ಳಲಿಲ್ಲ, ಬೆಂಬಲಕ್ಕೆ ನಿಂತರು.

ಅದೇ ಹೆಸರಲ್ಲಿ 1804ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್‌ಗೂ ಪತ್ರ ಹೋಯಿತು. 1806ರ ಕೊನೆಗೆ ಫ್ರೆಂಚ್ ಸೈನ್ಯ ಗೌಸ್ ಇದ್ದ ಬ್ರೌನ್‌ಶ್ವೈಗ್ ಊರನ್ನು ಹಿಡಿಯಿತು. ಆರ್ಕಿಮಿಡೀಸ್‌ಗೆ ಆದದ್ದು ಗೌಸ್‌ಗೂ ಆದೀತು ಅಂತ ಸೋಫಿ ಹೆದರಿದರು, ಮನೆಯವರಿಗೆ ಪರಿಚಯವಿದ್ದ ಜನರಲ್ ಪೆರ್ನೆಟಿಗೆ ಹೇಳಿ ಕಳಿಸಿದರು. ಹಾಗಾಗಿ ಗೌಸ್‌ಗೂ ನಿಜ ಗೊತ್ತಾಯಿತು. 1807ರ ಏಪ್ರಿಲ್ 30ರಂದು, ತಮ್ಮ ಹುಟ್ಟುಹಬ್ಬದ ದಿನ, ಗೌಸ್ ಬರೆದ ಉತ್ತರ ಓದಬೇಕಾದ್ದು. ಹೆಣ್ಣಾದವಳಿಗೆ ನಮ್ಮ ರೂಢಿಗಳ ದೆಸೆಯಿಂದ ಗಂಡಸಿಗಿಂತ ಎಷ್ಟೋ ಪಟ್ಟು ಅಡ್ಡಿಗಳಿರುತ್ತವೆ, ಅವನ್ನೆಲ್ಲ ದಾಟಿ ಇಷ್ಟು ಆಳಕ್ಕೆ ಇಳಿದವಳಿಗೆ ಧೈರ್ಯವೂ ಪ್ರತಿಭೆಯೂ ಅಸಾಮಾನ್ಯವಾಗಿಯೇ ಇರಬೇಕು ಅನ್ನುವುದು ಅದರ ಸಾರ.

ಬದುಕಿನ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು. ಈಗ ತಗಡು ತನ್ನಿ.

ಮರಳು ಹಾಡುವ ಹಲಗೆ

ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ ಎಂಬವರು ಒಂದು ಲೋಹದ ಅಥವಾ ಗಾಜಿನ ಹಲಗೆ ತೆಗೆದುಕೊಂಡು, ಅದರ ಮೇಲೆ ಮರಳು ಚೆಲ್ಲಿ, ಅಂಚಿಗೆ ಪಿಟೀಲಿನ ಕಮಾನು ಎಳೆಯುತ್ತಿದ್ದರು. ಹಲಗೆ ಹಾಡುತ್ತದೆ, ಮರಳು ಓಡಾಡಿ ಒಂದು ಚಿತ್ರವಾಗಿ ನಿಲ್ಲುತ್ತದೆ. 1809ರಲ್ಲಿ ಅವರು ಇದನ್ನು ಪ್ಯಾರಿಸ್‌ನಲ್ಲಿ ನೆಪೋಲಿಯನ್ ಎದುರೇ ಮಾಡಿ ತೋರಿಸಿದರು. ಈ ಚಿತ್ರಗಳು ಯಾಕೆ ಬರುತ್ತವೆ ಅಂತ ಗಣಿತದಲ್ಲಿ ಹೇಳಿದವರಿಗೆ 3000 ಫ್ರಾಂಕ್ ಬೆಲೆಯ ಚಿನ್ನದ ಪದಕ ಅಂತ ಅಲ್ಲಿನ ವಿಜ್ಞಾನ ಸಂಸ್ಥೆ ಸಾರಿತು. ಸೋಫಿ ಕೈ ಹಾಕಿದ್ದು ಈ ಪ್ರಶ್ನೆಗೆ.

ನಿಮಗೆ ಬೇಕಾದ್ದು: ಸುಮಾರು 20 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಚೌಕ ಅಲ್ಯುಮಿನಿಯಂ ಅಥವಾ ಹಿತ್ತಾಳೆ ತಗಡು, 2 ಮಿಲಿಮೀಟರ್ ದಪ್ಪ. ಇದಕ್ಕಿಂತ ತೆಳ್ಳಗಿದ್ದರೆ ಸ್ವರ ತುಂಬಾ ಕೆಳಗಿಳಿದು ಗುಂಯ್ ಅನ್ನುತ್ತದೆ, ಕಮಾನಿಗೆ ಸಿಗುವುದಿಲ್ಲ. ಸೊಟ್ಟಗಿರಬಾರದು, ಇದು ಮುಖ್ಯ. ಅಂಚುಗಳು ಕೈ ಕೊಯ್ಯದ ಹಾಗೆ ಅರದಿಂದ ಚೆನ್ನಾಗಿ ಉಜ್ಜಿ. ಸರಿಯಾಗಿ ನಡುಮಧ್ಯದಲ್ಲಿ ತೂತು ಕೊರೆಸಿ, ಒಂದು ಬೋಲ್ಟ್ ಹಾಕಿ, ಅದನ್ನು ಗಟ್ಟಿ ಮರದ ತುಂಡಿಗೋ ವೈಸಿಗೋ ಬಿಗಿಯಿರಿ. ತಗಡು ನಡುವಿನಲ್ಲಿ ಮಾತ್ರ ಹಿಡಿದಿರಬೇಕು, ನಾಲ್ಕೂ ಅಂಚು ಗಾಳಿಯಲ್ಲಿರಬೇಕು. ಮರಳನ್ನು ತೊಳೆದು, ಪೂರ್ತಿ ಒಣಗಿಸಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ. ಕಮಾನಿಗೆ ರಾಸಿನ್ (ಪಿಟೀಲಿನವರು ಕಮಾನಿಗೆ ಉಜ್ಜುವ ರಾಳ) ಧಾರಾಳವಾಗಿ ಹಚ್ಚಿ. ಹಳೇ ಕಮಾನಾದರೆ ಒಳ್ಳೆಯದು, ಲೋಹದ ಅಂಚಿಗೆ ಅದರ ಕೂದಲು ಸವೆಯುತ್ತದೆ.

ಈಗ ಮರಳನ್ನು ತೆಳ್ಳಗೆ ಉದುರಿಸಿ. ಜಾಸ್ತಿ ಬೇಡ. ಒಂದು ಬದಿಯ ನಡುವಿಗೆ ಬೆರಳ ತುದಿ ಮುಟ್ಟಿಸಿ, ಮೂಲೆಯ ಹತ್ತಿರ ಕಮಾನನ್ನು ಮೇಲಿಂದ ಕೆಳಕ್ಕೆ ನಿಧಾನವಾಗಿ, ಒತ್ತಿ ಎಳೆಯಿರಿ. ಮೊದಲು ಬರೀ ಕಿರ್ ಅನ್ನುತ್ತದೆ. ಒತ್ತಡ, ವೇಗ ಸ್ವಲ್ಪ ಬದಲಿಸುತ್ತಾ ಹೋಗಿ. ಒಂದು ಹದ ಸಿಕ್ಕಿದ ಕೂಡಲೇ ಶುದ್ಧ ಸ್ವರ ಹೊರಡುತ್ತದೆ, ಮರಳು ಜಿಗಿಯಲು ಶುರು ಮಾಡುತ್ತದೆ, ನೋಡನೋಡುತ್ತಾ ಬದಿಗಳ ನಡುವಿನಿಂದ ಹಾದುಹೋಗುವ ಕೂಡು ಚಿಹ್ನೆಯ ಆಕಾರದಲ್ಲಿ ಕೂರುತ್ತದೆ. ಈಗ ಬೆರಳನ್ನು ಮೂಲೆಗೆ ಇಟ್ಟು ಬದಿಯ ನಡುವೆ ಕಮಾನು ಎಳೆಯಿರಿ. ಈ ಸಲ ಗೆರೆಗಳು ಮೂಲೆಯಿಂದ ಮೂಲೆಗೆ, ಗುಣಾಕಾರದ ಚಿಹ್ನೆಯ ಹಾಗೆ. ಸ್ವರವೂ ಮೇಲೇರಿದೆ, ಸುಮಾರು ಒಂದೂವರೆ ಪಟ್ಟು.

ಏನಾಗುತ್ತಿದೆ? ತಗಡು ಅಲುಗುವಾಗ ಎಲ್ಲ ಕಡೆಯೂ ಒಂದೇ ಥರ ಅಲುಗುವುದಿಲ್ಲ. ಕೆಲವು ಗೆರೆಗಳ ಉದ್ದಕ್ಕೂ ಅದು ಸ್ಥಿರವಾಗಿರುತ್ತದೆ. ಅಲುಗುವ ಜಾಗದಿಂದ ಮರಳು ಹಾರಿ ಹಾರಿ ಕೊನೆಗೆ ಅಲುಗದ ಗೆರೆಯ ಮೇಲೆ ನಿಲ್ಲುತ್ತದೆ. ಬೆರಳು ಮುಟ್ಟಿದ ಜಾಗ ಅಲುಗಲಾರದು, ಹಾಗಾಗಿ ಗೆರೆ ಅಲ್ಲಿಂದ ಹಾದುಹೋಗಲೇಬೇಕು. ಚಿತ್ರ ಬದಲಿಸುವುದು ಬೆರಳು ಮತ್ತು ಕಮಾನು ಮುಟ್ಟುವ ಜಾಗಗಳು. ಇದು ಅರ್ಥವಾದ ಮೇಲೆ ಎರಡು ಬೆರಳು ಇಟ್ಟು ಬೇಕಾದಷ್ಟು ಆಡಬಹುದು.

ಕಮಾನು ಸಿಗದಿದ್ದರೆ ಸ್ಪೀಕರ್ ದಾರಿ ಇದೆ. ತಗಡಿನ ನಡುಭಾಗವನ್ನು ಒಂದು ಹಳೇ ಸ್ಪೀಕರಿನ ಕೋನಿಗೆ ಸಣ್ಣ ಕಡ್ಡಿಯಿಂದ ಜೋಡಿಸಿ, ಫೋನಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ 100 ಹರ್ಟ್ಸ್‌ನಿಂದ ಶುರು ಮಾಡಿ ಮೆಲ್ಲಗೆ 2000ದವರೆಗೆ ಏರಿಸುತ್ತಾ ಹೋಗಿ. ಮೇಲಿನ ಸ್ವರಗಳು ಕಿವಿಗೆ ತುಂಬಾ ಚುಚ್ಚುತ್ತವೆ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಆದರೆ ಒಂದು ವಿಷಯ ಗಮನದಲ್ಲಿರಲಿ. ನಡುವಿನಿಂದಲೇ ಅಲುಗಿಸಿದಾಗ ಮೊದಲಿನ ಆ ಎರಡು ಚಿತ್ರಗಳು ಬರುವುದಿಲ್ಲ. ಅವೆರಡರಲ್ಲೂ ನಡುಬಿಂದು ಸ್ಥಿರವಾಗಿರಬೇಕು, ಸ್ಪೀಕರ್ ಅದನ್ನೇ ಅಲುಗಿಸುತ್ತಿದೆ. ಬದಲಿಗೆ ಉಂಗುರದ ಥರದ ಚಿತ್ರಗಳು ಬರುತ್ತವೆ. ವಿಡಿಯೋದಲ್ಲಿ ಕಂಡದ್ದು ನಮ್ಮ ತಗಡಿನಲ್ಲಿ ಯಾಕೆ ಬರಲಿಲ್ಲ ಅನ್ನುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಇನ್ನೊಂದು ಪರೀಕ್ಷೆ ಖಂಡಿತ ಮಾಡಿ. ಅದೇ ಲೋಹದ, ಅದೇ ದಪ್ಪದ, ಆದರೆ 10 ಸೆಂಟಿಮೀಟರಿನ ಚೌಕ ಮಾಡಿಸಿ, ಕೂಡು ಚಿಹ್ನೆಯ ಚಿತ್ರ ಬರಿಸಿ, ಟ್ಯೂನರ್ ಆ್ಯಪ್‌ನಲ್ಲಿ ಎರಡರ ಸ್ವರವನ್ನೂ ಅಳೆಯಿರಿ. ಅಳತೆ ಅರ್ಧವಾಯಿತು, ಸ್ವರ ಎರಡು ಪಟ್ಟಾಗಬೇಕು ಅಂತ ಮನಸ್ಸು ಹೇಳುತ್ತದೆ. ಆಗುವುದು ಸುಮಾರು ನಾಲ್ಕು ಪಟ್ಟು, ಅಂದರೆ ಎರಡು ಪೂರ್ತಿ ಸ್ಥಾಯಿ ಮೇಲೆ. ದಪ್ಪ ಎರಡು ಪಟ್ಟು ಮಾಡಿದರೆ ಮಾತ್ರ ಸ್ವರ ಎರಡು ಪಟ್ಟು. ತಂತಿ ಹೀಗೆ ನಡೆದುಕೊಳ್ಳುವುದಿಲ್ಲ, ತಂತಿಯನ್ನು ಅರ್ಧ ಮಾಡಿದರೆ ಸ್ವರ ಎರಡು ಪಟ್ಟು ಮಾತ್ರ. ತಂತಿಯ ಗಣಿತ ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು, ಹಲಗೆಯದ್ದು ಬೇರೆಯೇ ಜಾತಿ. ಈಗಿರುವ ಗಣಿತ ಇದಕ್ಕೆ ಸಾಲದು ಅಂತ ಲಗ್ರಾಂಜ್ ಹೇಳಿದ್ದರಂತೆ, ಹಾಗಾಗಿ ಬಹಳ ಜನ ಹತ್ತಿರವೇ ಸುಳಿಯಲಿಲ್ಲ. 1811ರಲ್ಲಿ ಗಡುವು ಮುಗಿದಾಗ ಸ್ಪರ್ಧೆಗೆ ಬಂದಿದ್ದ ಪ್ರಬಂಧ ಒಂದೇ ಒಂದು. ಅದು ಸೋಫಿಯದು.

ಆಕೆ ಹಿಡಿದ ಎಳೆ

ಈ ಭಾಗಕ್ಕೆ ಒಂದು ಚೆಂಡು, ಒಂದು ಡಬ್ಬ, ಒಂದು ಹಾಳೆ ಸಾಕು. ತಂತಿಗೆ ಬಲ ಬರುವುದು ಅದನ್ನು ಬಿಗಿದು ಕಟ್ಟಿದ್ದರಿಂದ. ಹಲಗೆಯನ್ನು ಯಾರೂ ಬಿಗಿದಿಲ್ಲ, ಆದರೂ ಬಗ್ಗಿಸಿ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಆ ಬಲ ಬರುವುದು ಬಾಗಿನಿಂದಲೇ. ಸೋಫಿ ಹೇಳಿದ್ದು ಇದನ್ನು: ಒಂದು ಬಿಂದುವಿನಲ್ಲಿ ಹಲಗೆ ಎರಡು ದಿಕ್ಕಿಗೆ ಬಾಗಿರಬಹುದು, ಆ ಎರಡು ಬಾಗುಗಳನ್ನು ಕೂಡಿಸಿ, ಹಲಗೆ ತನ್ನ ಮೂಲ ಆಕಾರಕ್ಕೆ ಮರಳಲು ಹಾಕುವ ಬಲ ಆ ಮೊತ್ತಕ್ಕೆ ತಕ್ಕ ಹಾಗೆ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಬಾಗು ಅಂದರೆ 1ನ್ನು ತ್ರಿಜ್ಯದಿಂದ ಭಾಗಿಸಿದ್ದು. 5 ಸೆಂಟಿಮೀಟರ್ ತ್ರಿಜ್ಯದ ಚೆಂಡಿನಲ್ಲಿ ಎರಡೂ ದಿಕ್ಕಿಗೆ ಐದನೇ ಒಂದು, ಮೊತ್ತ ಐದನೇ ಎರಡು. ಅಷ್ಟೇ ತ್ರಿಜ್ಯದ ಡಬ್ಬದ ಮೈಯಲ್ಲಿ ಸುತ್ತಲೂ ಹೋಗುವ ದಿಕ್ಕಿಗೆ ಐದನೇ ಒಂದು, ಮೇಲೆ ಕೆಳಗಿನ ದಿಕ್ಕಿಗೆ ಸೊನ್ನೆ, ಮೊತ್ತ ಐದನೇ ಒಂದು. ಕುದುರೆಯ ಜೀನಿನ ಹಾಗೆ ಒಂದು ಕಡೆಗೆ ಮೇಲಕ್ಕೂ ಇನ್ನೊಂದು ಕಡೆಗೆ ಅಷ್ಟೇ ಕೆಳಕ್ಕೂ ಬಾಗಿದ್ದರೆ ಒಂದು ಕೂಡುತ್ತದೆ, ಒಂದು ಕಳೆಯುತ್ತದೆ, ಮೊತ್ತ ಸೊನ್ನೆ. ಹಾಳೆಯನ್ನು ಡಬ್ಬಕ್ಕೆ ಸುತ್ತಬಹುದು, ಚೆಂಡಿಗೆ ಸುತ್ತಿದರೆ ಮುದುರುತ್ತದೆ, ಅದನ್ನೂ ಮಾಡಿ ನೋಡಿ, ಎರಡು ದಿಕ್ಕಿನ ಬಾಗು ಅಂದರೇನು ಅಂತ ಕೈಗೇ ಗೊತ್ತಾಗುತ್ತದೆ. ಈ ಮೊತ್ತದ ಅರ್ಧಕ್ಕೆ ಈಗ ಸರಾಸರಿ ವಕ್ರತೆ ಅನ್ನುತ್ತಾರೆ. ಸೋಪಿನ ಪೊರೆಗಳ ಗಣಿತದಿಂದ ಹಿಡಿದು ಎಷ್ಟೋ ಕಡೆ ಅದು ಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆಕೆಯ ಮೂಲ ಕಲ್ಪನೆ ಸರಿಯಾಗಿತ್ತು, ಆದರೆ ಅದರಿಂದ ಸಮೀಕರಣ ಬರಿಸುವಾಗ 1811ರಲ್ಲಿ ತಪ್ಪು ಮಾಡಿದರು. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಲಗ್ರಾಂಜ್ ಅದನ್ನು ಸರಿಪಡಿಸಿ ಸರಿಯಾದ ಸಮೀಕರಣ ಬರೆದರು. ಬಹುಮಾನ ಸಿಗಲಿಲ್ಲ, ಗಡುವು ಮುಂದೆ ಹೋಯಿತು. 1813ರಲ್ಲಿ ಮತ್ತೆ ಬರೆದರು, ಗೌರವದ ಉಲ್ಲೇಖ ಮಾತ್ರ ಸಿಕ್ಕಿತು. ಮೂರನೇ ಸಲ ಬರೆದದ್ದಕ್ಕೆ 1816ರ ಜನವರಿ 8ರಂದು ಬಹುಮಾನ ಘೋಷಣೆಯಾಯಿತು, ಆಗಲೂ ತೀರ್ಪುಗಾರರಿಗೆ ಪೂರ್ತಿ ಸಮಾಧಾನ ಇರಲಿಲ್ಲ. ಸೋಫಿ ಸಮಾರಂಭಕ್ಕೆ ಹೋಗಲಿಲ್ಲ. 1821ರಲ್ಲಿ ತಮ್ಮದೇ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅಂಚುಗಳಲ್ಲಿ ಏನಾಗುತ್ತದೆ ಅನ್ನುವ ಭಾಗವನ್ನು ಸರಿಯಾಗಿ ಬಿಡಿಸಿದ್ದು ಜರ್ಮನಿಯ ವಿಜ್ಞಾನಿ ಕಿರ್ಖಾಫ್, ಅದೂ 1850ರಲ್ಲಿ. ಕೆಲವರು ಆಕೆಯ ತಪ್ಪನ್ನು ಹೇಳುವುದೇ ಇಲ್ಲ, ಹೇಳಿದರೆ ಅವಮಾನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಲೇಜಿಗೆ ಹೋಗಲು ಬಿಡದೆ, ಪಾಠ ಹೇಳುವವರಿಲ್ಲದೆ, ಬೇಕಾದ ಗಣಿತವನ್ನು ಪುಸ್ತಕ ನೋಡಿ ಒಬ್ಬರೇ ಕಲಿತವರು ಲೆಕ್ಕದ ನಡುವೆ ಎಡವಿದರೆ ಆಶ್ಚರ್ಯ ಏನಿದೆ? ಬೇರೆ ಯಾರೂ ಮುಟ್ಟದ ಪ್ರಶ್ನೆಯಲ್ಲಿ ಸರಿಯಾದ ಜಾಗಕ್ಕೆ ಬೆರಳಿಟ್ಟರು, ಅದು ದೊಡ್ಡದು. ಆ ಸಮೀಕರಣಕ್ಕೆ ಇವತ್ತಿಗೂ ಜರ್ಮೇನ್ ಮತ್ತು ಲಗ್ರಾಂಜ್ ಇಬ್ಬರ ಹೆಸರೂ ಇದೆ.

ಈಗ ಪೆನ್ನು ಕಾಗದ

ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಆತುರ ಮಾಡದೆ ಕೂತು ಮಾಡಿ.

ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನ ಪ್ರಶ್ನೆ ಕೇಳಿರುತ್ತೀರಿ. 3ರ ವರ್ಗಕ್ಕೆ 4ರ ವರ್ಗ ಕೂಡಿಸಿದರೆ 5ರ ವರ್ಗ ಬರುತ್ತದೆ. ಆದರೆ ಎರಡು ಘನಗಳನ್ನು ಕೂಡಿಸಿ ಇನ್ನೊಂದು ಘನ ಬರಿಸಲು ಆಗುತ್ತದಾ? ಐದನೇ ಘಾತ? ಏಳನೇ ಘಾತ? ಯಾವುದಕ್ಕೂ ಆಗುವುದಿಲ್ಲ ಅಂತ ಫರ್ಮಾ 17ನೇ ಶತಮಾನದಲ್ಲಿ ಬರೆದಿಟ್ಟು ಹೋದ, ಸಾಧಿಸಿ ತೋರಿಸಲಿಲ್ಲ. ಸೋಫಿಯ ಕಾಲದವರೆಗೆ ಎಲ್ಲರೂ ಒಂದೊಂದು ಘಾತವನ್ನು ಪ್ರತ್ಯೇಕವಾಗಿ ಹಿಡಿದು ಕುಸ್ತಿ ಆಡುತ್ತಿದ್ದರು. ಒಟ್ಟಿಗೆ ಬಹಳ ಘಾತಗಳಿಗೆ ಒಂದೇ ಉಪಾಯ ಅಂತ ಮೊದಲು ಯೋಚಿಸಿದ್ದು ಈಕೆ.

ಉಪಾಯ ಇದು. ಐದನೇ ಘಾತವನ್ನು ತೆಗೆದುಕೊಳ್ಳಿ. 5ನ್ನು 2ರಿಂದ ಗುಣಿಸಿ 1 ಕೂಡಿಸಿ, 11. ಅದೂ ಅವಿಭಾಜ್ಯ ಸಂಖ್ಯೆ. ಈಗ 1ರಿಂದ 10ರವರೆಗೆ ಪ್ರತಿ ಸಂಖ್ಯೆಯ ಐದನೇ ಘಾತ ಬರೆದು, 11ರಿಂದ ಭಾಗಿಸಿ, ಶೇಷ ಮಾತ್ರ ಗುರುತು ಹಾಕಿಕೊಳ್ಳಿ. 2ರ ಐದನೇ ಘಾತ 32, ಶೇಷ 10. 3ರದ್ದು 243, ಶೇಷ 1. 4ರದ್ದು 1024, ಶೇಷ 1. 6ರದ್ದು 7776, ಶೇಷ 10. ಉಳಿದವನ್ನು ನೀವೇ ಮಾಡಿ, ಇಲ್ಲಿ ಉತ್ತರ ನೋಡಿ ಮುಂದೆ ಹೋದರೆ ಮಜಾ ಇಲ್ಲ. ಎಲ್ಲ ಮುಗಿಸಿದಾಗ ಒಂದು ವಿಚಿತ್ರ ಕಾಣುತ್ತದೆ: ಹತ್ತು ಸಂಖ್ಯೆಗಳಿದ್ದರೂ ಶೇಷ ಬರುವುದು ಎರಡೇ, 1 ಅಥವಾ 10.

ಈಗ ಯಾರೋ ಬಂದು, ಎರಡು ಐದನೇ ಘಾತ ಕೂಡಿಸಿ ಇನ್ನೊಂದು ಐದನೇ ಘಾತ ಬರಿಸಿದ್ದೇನೆ ಅಂದರು ಅಂತ ಇಟ್ಟುಕೊಳ್ಳಿ. ಅವರ ಮೂರು ಸಂಖ್ಯೆಗಳಲ್ಲಿ ಯಾವುದನ್ನೂ 11 ಭಾಗಿಸುವುದಿಲ್ಲ ಅಂತಲೂ ಇಟ್ಟುಕೊಳ್ಳಿ. ಆಗ ಎಡಗಡೆಯ ಶೇಷಗಳು 1 ಅಥವಾ 10. ಕೂಡಿಸಿ ನೋಡಿ. 1 ಮತ್ತು 1 ಸೇರಿ 2. 1 ಮತ್ತು 10 ಸೇರಿ 11, ಶೇಷ 0. 10 ಮತ್ತು 10 ಸೇರಿ 20, ಶೇಷ 9. ಬಲಗಡೆ ಬೇಕಾದ್ದು 1 ಅಥವಾ 10. ಯಾವುದೂ ಹೊಂದುವುದಿಲ್ಲ! ಅಂದರೆ ಅಂಥ ಮೂರು ಸಂಖ್ಯೆಗಳು ಇದ್ದರೆ ಅವುಗಳಲ್ಲಿ ಒಂದನ್ನಾದರೂ 11 ಭಾಗಿಸಲೇಬೇಕು. ಮೂರು ಸಂಖ್ಯೆಗಳು ಯಾವುವು ಅಂತ ಗೊತ್ತಿಲ್ಲ, ಅವು ಎಷ್ಟು ದೊಡ್ಡವೋ ಗೊತ್ತಿಲ್ಲ, ಆದರೂ ಅವುಗಳ ಬಗ್ಗೆ ಒಂದು ಸತ್ಯ ಕೈಗೆ ಸಿಕ್ಕಿತು. ಇದನ್ನು ಮೊದಲ ಸಲ ಸ್ವಂತ ಕೈಯಲ್ಲಿ ಮಾಡಿದಾಗ ಆಗುವ ಖುಷಿಯೇ ಬೇರೆ.

ಸೋಫಿಯ ದೊಡ್ಡ ಯೋಜನೆ ಇಲ್ಲಿಂದ ಹೊರಡುತ್ತದೆ. 11ರ ಹಾಗೆ ಕೆಲಸ ಮಾಡುವ ಸಹಾಯಕ ಸಂಖ್ಯೆಗಳು ಒಂದೇ ಘಾತಕ್ಕೆ ಲೆಕ್ಕವಿಲ್ಲದಷ್ಟು ಸಿಕ್ಕರೆ? ಅವುಗಳಲ್ಲಿ ಪ್ರತಿಯೊಂದೂ ಆ ಮೂರು ಸಂಖ್ಯೆಗಳಲ್ಲಿ ಒಂದನ್ನು ಭಾಗಿಸಬೇಕು. ಆದರೆ ಒಂದು ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯಗಳಿಗೆ ಒಂದು ಮಿತಿ ಇರುತ್ತದೆ. ಹಾಗಾಗಿ ಅಂಥ ಸಂಖ್ಯೆಗಳೇ ಇಲ್ಲ, ಫರ್ಮಾ ಹೇಳಿದ್ದು ನಿಜ, ಮುಗಿಯಿತು. ಎಷ್ಟು ಸರಳ, ಅಲ್ವಾ? 1819ರಲ್ಲಿ ಈ ಯೋಜನೆಯನ್ನು ಗೌಸ್‌ಗೆ ಉದ್ದದ ಪತ್ರದಲ್ಲಿ ಬರೆದರು.

ಇದು ಪೂರ್ತಿ ಫಲಿಸಲಿಲ್ಲ, ಯಾಕೆ ಅನ್ನುವುದನ್ನೂ ನೀವೇ ಕಾಣಬಹುದು. ಪಟ್ಟಿಯ ಎರಡು ಶೇಷ ಕೂಡಿಸಿದಾಗ ಪಟ್ಟಿಯದೇ ಶೇಷ ಬರಬೇಕಾದರೆ ಅದರಲ್ಲಿ ಪಕ್ಕ ಪಕ್ಕದ ಎರಡು ಸಂಖ್ಯೆ ಇರಲೇಬೇಕು, ಹಾಗಾಗಿ ಅಂಥ ಜೋಡಿ ಇದೆಯಾ ಅಂತ ನೋಡಿದರೆ ಸಾಕು. ಘನಗಳನ್ನು ತೆಗೆದುಕೊಳ್ಳಿ. 7ರಿಂದ ಭಾಗಿಸಿದರೆ ಶೇಷ 1 ಮತ್ತು 6, ಪಕ್ಕ ಪಕ್ಕದ ಸಂಖ್ಯೆಗಳಲ್ಲ, ಕೆಲಸ ಆಗುತ್ತದೆ. 13ರಿಂದ ಭಾಗಿಸಿದರೆ 1, 5, 8, 12, ಇಲ್ಲೂ ಪಕ್ಕದ ಜೋಡಿ ಇಲ್ಲ, ಕೆಲಸ ಆಗುತ್ತದೆ. 19ರಿಂದ ಭಾಗಿಸಿದರೆ 1, 7, 8, 11, 12, 18. ನೋಡಿ, 7 ಮತ್ತು 8 ಅಕ್ಕಪಕ್ಕ ಬಂದವು. 7ಕ್ಕೆ 1 ಕೂಡಿಸಿದರೆ 8, ಮೂರೂ ಪಟ್ಟಿಯಲ್ಲಿವೆ, ಹಾಗಾಗಿ ವಿರೋಧ ಹುಟ್ಟುವುದಿಲ್ಲ. ಅಲ್ಲಿಂದ ಮುಂದೆ ಘನಗಳಿಗೆ ಇನ್ಯಾವ ಸಹಾಯಕವೂ ಸಿಗುವುದಿಲ್ಲ. ಈ ಅಡ್ಡಿಯನ್ನು ಆಕೆ ಸ್ವತಃ ಕಂಡುಕೊಂಡಿದ್ದರು.

ಆದರೆ ಕೈಗೆ ಬಂದದ್ದು ಚಿಕ್ಕದಲ್ಲ. ಸಹಾಯಕ ಸಂಖ್ಯೆಗೆ ಎರಡು ಷರತ್ತು: ಶೇಷಗಳಲ್ಲಿ ಪಕ್ಕ ಪಕ್ಕದ ಜೋಡಿ ಇರಬಾರದು, ಆ ಘಾತದ ಸಂಖ್ಯೆಯೇ ಶೇಷಗಳ ಪಟ್ಟಿಯಲ್ಲಿ ಇರಬಾರದು. ಇಂಥ ಸಹಾಯಕ ಒಂದೇ ಒಂದು ಸಿಕ್ಕರೂ ಸಾಕು, ಮೂರು ಸಂಖ್ಯೆಗಳಲ್ಲಿ ಒಂದನ್ನು ಆ ಘಾತದ ಸಂಖ್ಯೆ ಭಾಗಿಸಲೇಬೇಕು ಅಂತ ಆಕೆ ಸಾಧಿಸಿದರು. ಐದನೇ ಘಾತವಾದರೆ ಒಂದನ್ನು 5 ಭಾಗಿಸಬೇಕು, ಅಷ್ಟೇ ಅಲ್ಲ, 25 ಕೂಡ ಭಾಗಿಸಬೇಕು. 100ರ ಒಳಗಿನ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಸಹಾಯಕ ಹುಡುಕಿ ಇಟ್ಟರು. ಇದು ಲೋಕಕ್ಕೆ ಗೊತ್ತಾದದ್ದು ಗಣಿತಜ್ಞ ಲೆಜಾಂಡ್ರ್ ಅವರ ಲೇಖನದ ಒಂದು ಅಡಿಟಿಪ್ಪಣಿಯಿಂದ. ಇಷ್ಟು ದೊಡ್ಡ ಕೆಲಸಕ್ಕೆ ಅಡಿಟಿಪ್ಪಣಿ! ಅದನ್ನು ನೆನೆದಾಗ ಈಗಲೂ ಸಿಟ್ಟು ಬರುತ್ತದೆ. 1825ರಲ್ಲಿ ಗಣಿತಜ್ಞರಾದ ಡಿರಿಕ್ಲೆ ಮತ್ತು ಲೆಜಾಂಡ್ರ್ ಐದನೇ ಘಾತವನ್ನು ಪೂರ್ತಿ ಮುಗಿಸಿದಾಗ, ಉಳಿದದ್ದು ಒಂದನ್ನು 5 ಭಾಗಿಸುವ ಸಂದರ್ಭ ಮಾತ್ರ ಅನ್ನುವುದು ಸೋಫಿಯ ಈ ಪ್ರಮೇಯದಿಂದಲೇ ಸಿಗುತ್ತಿತ್ತು. ಎಲ್ಲ ಘಾತಗಳಿಗೂ ಸಾಧನೆ ಬಂದದ್ದು 1990ರ ದಶಕದಲ್ಲಿ, ಆಂಡ್ರ್ಯೂ ವೈಲ್ಸ್ ಅವರಿಂದ, ಬೇರೆಯೇ ದಾರಿಯಲ್ಲಿ.

ಸೋಫಿ ಜರ್ಮೇನ್ ಅವಿಭಾಜ್ಯಗಳನ್ನು ಹುಡುಕುವುದು

ಇದು ಸುಲಭ, ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಒಂದು ಅವಿಭಾಜ್ಯ ತೆಗೆದುಕೊಂಡು, ಎರಡರಿಂದ ಗುಣಿಸಿ ಒಂದು ಕೂಡಿಸಿ. ಬಂದದ್ದೂ ಅವಿಭಾಜ್ಯವಾದರೆ ಮೊದಲ ಸಂಖ್ಯೆಗೆ ಆಕೆಯ ಹೆಸರು. 100ರ ಒಳಗೆ ಹತ್ತು ಇವೆ: 2, 3, 5, 11, 23, 29, 41, 53, 83, 89. ಹುಡುಕುವಾಗ ಎರಡು ಜರಡಿ ಉಪಯೋಗಿಸಿ. 7ರಲ್ಲಿ ಕೊನೆಯಾಗುವ ಅವಿಭಾಜ್ಯವನ್ನು ನೋಡಲೇಬೇಡಿ, ಉತ್ತರ 5ರಲ್ಲಿ ಕೊನೆಯಾಗುತ್ತದೆ. 3ರಿಂದ ಭಾಗಿಸಿದಾಗ ಶೇಷ 1 ಬರುವುದನ್ನೂ ಬಿಡಿ, ಉತ್ತರವನ್ನು 3 ಭಾಗಿಸುತ್ತದೆ. ಕೆಲಸ ಬಹಳ ಕಡಿಮೆಯಾಗುತ್ತದೆ. 89ರಿಂದ ಶುರು ಮಾಡಿ ಅದೇ ಕ್ರಮ ಮುಂದುವರಿಸಿ: 179, 359, 719, 1439, 2879, ಎಲ್ಲವೂ ಅವಿಭಾಜ್ಯ. ಮುಂದಿನದು 5759, ಅದನ್ನು 13 ಭಾಗಿಸಿ ಸರಪಳಿ ಕಡಿಯುತ್ತದೆ. ಇಂಥ ಅವಿಭಾಜ್ಯಗಳು ಕೊನೆಯಿಲ್ಲದಷ್ಟು ಇವೆಯಾ ಅನ್ನುವುದು ಇವತ್ತಿಗೂ ಯಾರೂ ಸಾಧಿಸದ ಪ್ರಶ್ನೆ. ಇಂಟರ್ನೆಟ್ಟಿನ ಗುಟ್ಟು ಕಾಯುವ ಕೆಲವು ವಿಧಾನಗಳಲ್ಲಿ ಇವುಗಳಿಂದ ಬರುವ ದೊಡ್ಡ ಅವಿಭಾಜ್ಯಗಳನ್ನೇ ಆರಿಸಿಕೊಳ್ಳುತ್ತಾರೆ.

ಆಕೆಯ ಬಗ್ಗೆ ಓದುವಾಗ, ಹೇಳುವಾಗ

ಮೇಣದಬತ್ತಿಯ ಕಥೆ, ಚಳಿಗೆ ಶಾಯಿ ಹೆಪ್ಪುಗಟ್ಟಿದರೂ ಓದುತ್ತಿದ್ದ ಕಥೆ ಬಂದದ್ದು ಮುಖ್ಯವಾಗಿ ಆಕೆಯ ಗೆಳೆಯ ಲಿಬ್ರಿ ಆಕೆ ತೀರಿಕೊಂಡ ಮೇಲೆ ಬರೆದ ಬರಹದಿಂದ. ಹೇಳಿ, ಆದರೆ ಅವರು ಬರೆದ ಪ್ರಕಾರ ಅಂತ ಸೇರಿಸಿ ಹೇಳಿ. ಪತ್ರಗಳು ಹಾಗಲ್ಲ, ಗೌಸ್ ಜೊತೆಗಿನ ಪತ್ರಗಳು ಉಳಿದಿವೆ, ಅವನ್ನು ಧೈರ್ಯವಾಗಿ ಹಿಡಿಯಬಹುದು. ಆಕೆಯ ಕೈಬರಹದ ಹಾಳೆಗಳು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ, ಇನ್ನಷ್ಟು ಇಟಲಿಯ ಫ್ಲಾರೆನ್ಸ್ ಸೇರಿವೆ. ಸಂಖ್ಯೆಗಳ ಮೇಲಿನ ಆಕೆಯ ಕೆಲಸ ಅಡಿಟಿಪ್ಪಣಿಯಲ್ಲಿದ್ದದ್ದಕ್ಕಿಂತ ಎಷ್ಟೋ ದೊಡ್ಡದು ಅಂತ ಗೊತ್ತಾದದ್ದು ಆ ಹಾಳೆಗಳನ್ನು ಮತ್ತೆ ಓದಿದ ಮೇಲೆ.

ಮೊದಲ ಮಹಿಳೆ ಅನ್ನುವ ಮಾತನ್ನು ಬಳಸುವಾಗಲೂ ಎಚ್ಚರ ಇರಲಿ. ಪ್ಯಾರಿಸ್ ವಿಜ್ಞಾನ ಅಕಾಡೆಮಿಯ ಬಹುಮಾನ ಗೆದ್ದ ಮೊದಲ ಮಹಿಳೆ ಈಕೆ. ಆದರೆ ಅಕಾಡೆಮಿಯ ಸದಸ್ಯೆ ಆಗಿರಲಿಲ್ಲ. ಕಾರ್ಯದರ್ಶಿಯಾಗಿದ್ದ ಫೂರಿಯೇ ಅವರ ದೆಸೆಯಿಂದ ಸಭೆಗಳಲ್ಲಿ ಕೂರಲು ಅವಕಾಶ ಸಿಕ್ಕಿತು, ಅಷ್ಟೇ. ಒಬ್ಬ ಮಹಿಳೆ ಅಲ್ಲಿ ಪೂರ್ಣ ಸದಸ್ಯೆಯಾದದ್ದು 1979ರಲ್ಲಿ, ಇವೊನ್ ಶೋಕೆ ಬ್ರುಆ. ಸೋಫಿಯ ಬಹುಮಾನದಿಂದ ಎಣಿಸಿದರೆ 163 ವರ್ಷ. 1831ರ ಜೂನ್ 27ರಂದು ಸ್ತನ ಕ್ಯಾನ್ಸರಿನಿಂದ ತೀರಿಕೊಂಡಾಗ ಮರಣಪತ್ರದಲ್ಲಿ ಆಕೆಯ ವೃತ್ತಿ ಅಂತ ಬರೆದದ್ದು ಆಸ್ತಿಯ ಆದಾಯದಲ್ಲಿ ಬದುಕುವವರು ಅಂತ. ಗಣಿತದ ಸುಳಿವೇ ಇಲ್ಲ. ಐಫೆಲ್ ಗೋಪುರ ಕಟ್ಟಿದಾಗ ಅದರ ಮೇಲೆ ಕೆತ್ತಿಸಿದ 72 ವಿಜ್ಞಾನಿ, ಎಂಜಿನಿಯರುಗಳ ಹೆಸರಲ್ಲಿ ಆಕೆಯದೂ ಇಲ್ಲ, ಬೇರೆ ಯಾವ ಮಹಿಳೆಯದೂ ಇಲ್ಲ. ವಸ್ತುಗಳ ಬಾಗು ಬಳುಕಿನ ಗಣಿತಕ್ಕೆ ಬದುಕಿನ ಎಷ್ಟೋ ವರ್ಷ ಕೊಟ್ಟವರ ಹೆಸರು ಅಲ್ಲಿರಬೇಕಿತ್ತು.

ಪ್ಯಾರಿಸ್ಸಿಗೆ ಹೋಗುವವರು ಇದ್ದರೆ, ಆಕೆ ಕೊನೆಯುಸಿರೆಳೆದ ಮನೆ ರೂ ದ ಸವ್ವಾ ಬೀದಿಯ 13ನೇ ನಂಬರಿನಲ್ಲಿದೆ, ಗೋಡೆಯ ಮೇಲೆ ಫಲಕ ಇದೆ. ಸಮಾಧಿ ಪೇರ್ ಲಶೇಸ್ ಸ್ಮಶಾನದಲ್ಲಿ.

ಮನೆಯಲ್ಲೇ ಮುಂದುವರಿಸುವವರಿಗೆ ಇನ್ನೆರಡು ಲೆಕ್ಕ. ಏಳನೇ ಘಾತಕ್ಕೆ ಎರಡರಿಂದ ಗುಣಿಸಿ ಒಂದು ಕೂಡಿಸಿದರೆ 15, ಅವಿಭಾಜ್ಯ ಅಲ್ಲ. ಆಗ ನಾಲ್ಕರಿಂದ ಗುಣಿಸಿ ಒಂದು ಕೂಡಿಸಿ, 29. ಏಳನೇ ಘಾತಗಳನ್ನು 29ರಿಂದ ಭಾಗಿಸಿದರೆ ಶೇಷ 1, 12, 17, 28 ಮಾತ್ರ ಬರಬೇಕು. ಪಕ್ಕದ ಜೋಡಿ ಇಲ್ಲ, 7 ಪಟ್ಟಿಯಲ್ಲಿಲ್ಲ, ಎರಡೂ ಷರತ್ತು ಸರಿ. ಹದಿಮೂರನೇ ಘಾತಕ್ಕೂ ಹೀಗೇ ಮಾಡಿ, ಅಲ್ಲಿ ಸಹಾಯಕ 53. ಘಾತ ದೊಡ್ಡದು ಅಂತ ಹೆದರಬೇಡಿ, ಪ್ರತಿ ಸಲ ಗುಣಿಸಿದ ಕೂಡಲೇ 53ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡು ಮುಂದೆ ಹೋಗಿ, ಸಂಖ್ಯೆ ಯಾವತ್ತೂ ಕೈಮೀರುವುದಿಲ್ಲ. 2ರಿಂದ ಶುರು ಮಾಡಿದರೆ 30 ಬರುತ್ತದೆ. ಪೂರ್ತಿ ಪಟ್ಟಿಯಲ್ಲಿ 1, 23, 30, 52 ಬಿಟ್ಟು ಬೇರೆ ಏನಾದರೂ ಬಂದರೆ ಎಲ್ಲೋ ಗುಣಾಕಾರ ತಪ್ಪಿದೆ, ಹಿಂದಕ್ಕೆ ಹೋಗಿ ನೋಡಿ.